ಹೆಗಲು, ಬೆನ್ನಿನ ಹಳೇ ನೋವಿಗೆ ಸ್ಕ್ಯಾನ್ ನೋಡಿಕೊಂಡು ನರ್ವ್ ಬ್ಲಾಕ್: ಆಯ್ಕೆಯಿಂದ ಆರೈಕೆವರೆಗೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ನೋವಿನ ಕ್ಲಿನಿಕ್ಕಿಗೆ ಬರುವವರು ಹೆಗಲು ಒತ್ತಿಕೊಳ್ಳುತ್ತಾ ಹೇಳುವ ಮೊದಲ ಮಾತು ಹೆಚ್ಚಾಗಿ ಇದೇ: "ನರ ಹಿಡ್ಕಂಡ್ಬುಟ್ಟದೆ ಡಾಕ್ಟ್ರೇ." ಇನ್ನು ಕೆಲವರು "ವಾಯು ಸೇರ್ಕಂಡದೆ" ಅನ್ನುತ್ತಾರೆ. ಕೈಯಿಟ್ಟು ನೋಡಿದರೆ ಹಿಡಿದುಕೊಂಡಿರುವುದು ಬಹುಪಾಲು ನರವಲ್ಲ, ಮಾಂಸಖಂಡ. ಕಬ್ಬಿನ ಹೊರೆ ಹೊತ್ತ ಹೆಗಲು, ನಾಟಿಗೆಂದು ಬೆಳಗಿನಿಂದ ಬಗ್ಗಿದ ಬೆನ್ನು, ಮೈಸೂರಿನ ಮನೆಗಳಲ್ಲಿ ಗಿಡ್ಡ ಮಣೆ ಮುಂದೆ ಕೂತು ಗಂಧದಕಡ್ಡಿ ಹೊಸೆಯುವ ಕೈ, ಗಾರ್ಮೆಂಟ್ಸಿನ ಮೆಷಿನ್ ಮೇಲೆ ಬಾಗಿದ ಕತ್ತು. ಇಂಥ ಕಡೆ ಸ್ನಾಯುವಿನೊಳಗೆ ಹುರಿಯಂತೆ ಬಿಗಿದ ಎಳೆಗಳೂ ಅದರ ಮಧ್ಯೆ ಕಡಲೆಕಾಳಿನಷ್ಟು ಗಂಟೂ ಬೆರಳಿಗೆ ಸಿಗುತ್ತವೆ. ಅದನ್ನು ಅದುಮಿದರೆ ರೋಗಿ ಬೆಚ್ಚಿಬೀಳುತ್ತಾರೆ, ನೋವು ಅಲ್ಲಿಂದ ಕತ್ತಿಗೋ ತೋಳಿಗೋ ಹರಿಯುತ್ತದೆ.

ಮೂರು ತಿಂಗಳು ದಾಟಿದ ಇಂಥ ನೋವಿಗೆ ಮಾತ್ರೆ, ವ್ಯಾಯಾಮ, ಶಾಖ ಯಾವುದೂ ಸಾಲದೆ ಹೋದಾಗ ಅಲ್ಟ್ರಾಸೌಂಡ್ ಪರದೆ ನೋಡಿಕೊಂಡು ನರದ ಸುತ್ತ ಅಥವಾ ಸ್ನಾಯುಗಳ ನಡುವಿನ ಪದರಕ್ಕೆ ಮರಗಟ್ಟಿಸುವ ಔಷಧಿ ಬಿಡುವುದು, ಅಂದರೆ ನರ್ವ್ ಬ್ಲಾಕ್, ಒಂದು ದಾರಿ. ಈ ಬರಹ ಮುಖ್ಯವಾಗಿ ತರಬೇತಿಯಲ್ಲಿರುವ ವೈದ್ಯರಿಗೆ, ಪಕ್ಕದಲ್ಲಿ ನಿಲ್ಲುವ ನರ್ಸ್‌ಗಳಿಗೆ, ಆಮೇಲೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್‌ಗಳಿಗೆ. ಮಾಡಿಸಿಕೊಳ್ಳಲಿರುವವರು ಓದಿದರೂ ಲಾಭವೇ, ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ. ಆದರೆ ಇದನ್ನು ಓದಿ ಕಲಿಯುವುದಲ್ಲ. ಕಲಿಸುವವರ ಎದುರು, ಮೊದಲು ಮಾದರಿಯ ಮೇಲೆ, ಆಮೇಲೆ ಮನುಷ್ಯರ ಮೇಲೆ ಕೈ ಪಳಗಬೇಕು.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಬ್ಲಾಕ್ ನೋವನ್ನು ಬೇರುಸಹಿತ ಕಿತ್ತುಹಾಕುವುದಿಲ್ಲ, ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ಬಿಗಿದ ಸ್ನಾಯುವನ್ನು ಎಳೆದು, ನಡೆಸಿ, ದುಡಿಸಿದರೆ ಫಲ ನಿಲ್ಲುತ್ತದೆ. ಚುಚ್ಚಿಸಿಕೊಂಡು ಸುಮ್ಮನೆ ಮಲಗಿದರೆ ಅದೇ ನೋವು ಅದೇ ಜಾಗಕ್ಕೆ ಬಂದು ಕೂರುತ್ತದೆ.

ಚುಚ್ಚುವ ಮೊದಲು ಕೇಳುವುದು, ಮುಟ್ಟುವುದು

"ಎಲ್ಲಿ ನೋಯ್ತದೆ, ಒಂದೇ ಬೆರಳಲ್ಲಿ ತೋರ್ಸವ್ವ" ಅಂದರೆ ಅರ್ಧ ಕೆಲಸ ಮುಗಿದಂತೆ. ಒಂದೇ ಬೆರಳಲ್ಲಿ ತೋರಿಸಿದರೆ ಸ್ನಾಯುವಿನ ಗಂಟಿನ ಸಾಧ್ಯತೆ ಹೆಚ್ಚು. ಇಡೀ ಅಂಗೈ ಹರಡಿ ಬೆನ್ನೆಲ್ಲ ಸವರಿದರೆ ಮೈಯೆಲ್ಲ ನೋಯುವ ಬೇರೆ ಕಾರಣಗಳನ್ನು ಹುಡುಕಬೇಕು: ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆ, ಕೊಲೆಸ್ಟ್ರಾಲಿಗೆಂದು ತೆಗೆದುಕೊಳ್ಳುವ ಸ್ಟ್ಯಾಟಿನ್ ಮಾತ್ರೆ. ರೋಗಿಯ ಪದಗಳನ್ನೂ ಅವರು ಆಡಿದಂತೆಯೇ ಬರೆದಿಟ್ಟುಕೊಳ್ಳಿ. "ಸೆಳೀತದೆ", "ಬಿಗೀತದೆ", "ಭಾರ ಹೊತ್ತಂಗಾಯ್ತದೆ" ಅನ್ನುವುದು ಸ್ನಾಯುವಿನ ಭಾಷೆ. "ಉರೀತದೆ", "ಕರೆಂಟ್ ಹೊಡ್ದಂಗಾಯ್ತದೆ", "ಬೆರಳು ಜೋಮು ಹಿಡೀತದೆ" ಅಂದರೆ ಕತ್ತಿನಲ್ಲಿ ನರದ ಬುಡ ಒತ್ತಿರಬಹುದು, ಅದಕ್ಕೆ ದಾರಿ ಬೇರೆ.

ಚುಚ್ಚಬಾರದ ಸಂದರ್ಭಗಳು ಸ್ಪಷ್ಟ. ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೆ ಬೆನ್ನುಮೂಳೆಯ ಟಿ.ಬಿ., ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಸೂಜಿ ಎತ್ತಬೇಡಿ. ಕಾಲಲ್ಲಿ ಬಲ ಕಡಿಮೆಯಾಗಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅಂದೇ ದೊಡ್ಡಾಸ್ಪತ್ರೆಗೆ. ಸಕ್ಕರೆ ಕಾಯಿಲೆ ಇರುವವರಿಗೆ ಎಡ ಹೆಗಲಿನ ನೋವು ಹೊಸದಾಗಿ ಶುರುವಾಗಿದ್ದರೆ, ನಡೆದಾಗ ಹೆಚ್ಚಾಗುತ್ತಿದ್ದರೆ, ಬೆವರು ಬರುತ್ತಿದ್ದರೆ ಮೊದಲು ಇಸಿಜಿ. ಚುಚ್ಚುವ ಜಾಗದಲ್ಲಿ ಕೀವುಗುಳ್ಳೆ, ಹುಣ್ಣು ಇದ್ದರೆ ಮುಂದೂಡಿ.

ರಕ್ತ ತೆಳುವಾಗಿಸುವ ಮಾತ್ರೆಗಳ ವಿಚಾರದಲ್ಲಿ ಎರಡು ಕಡೆಯಿಂದಲೂ ತಪ್ಪಾಗುತ್ತದೆ. ಕೇಳದೇ ಚುಚ್ಚುವುದು ಒಂದು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ "ಐದು ದಿನ ನಿಲ್ಸಿ ಬನ್ನಿ" ಎಂದು ಫೋನಿನಲ್ಲೇ ಹೇಳುವುದು ಇನ್ನೊಂದು. ಎರಡನೆಯದು ಜೀವಕ್ಕೇ ಕುತ್ತು. ಕ್ಲೊಪಿಡೊಗ್ರೆಲ್, ವಾರ್ಫರಿನ್, ರಿವರೊಕ್ಸಬಾನ್ ಇಂಥವನ್ನು ನಿಲ್ಲಿಸುವ ಮಾತು ಹೃದ್ರೋಗ ವೈದ್ಯರ ಬಾಯಿಂದಲೇ ಬರಬೇಕು. ಚರ್ಮಕ್ಕೆ ಹತ್ತಿರದ, ಕೈಯಿಂದ ಅದುಮಿ ರಕ್ತ ನಿಲ್ಲಿಸಬಹುದಾದ ಜಾಗಗಳಲ್ಲಿ ಎಷ್ಟೋ ಸಲ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ.

ಯಾವ ನೋವಿಗೆ ಯಾವ ಬ್ಲಾಕ್

ಕತ್ತಿನಿಂದ ಹೆಗಲಿನವರೆಗಿನ ಬಿಗಿತಕ್ಕೆ ಟ್ರಪೀಜಿಯಸ್ ಸ್ನಾಯುವಿನ ಕೆಳಗಿನ ಪದರ. ಕೈ ಮೇಲೆತ್ತಲಾಗದ, ಜಡೆ ಹೆಣೆಯಲಾಗದ ಹೆಗಲಿನ ಕೀಲಿಗೆ ಸುಪ್ರಾಸ್ಕ್ಯಾಪುಲರ್ ನರ. ಬೆನ್ನುಮೂಳೆಯ ಪಕ್ಕದ ಉದ್ದ ಸ್ನಾಯುವಿನ ನೋವಿಗೆ ಎರೆಕ್ಟರ್ ಸ್ಪೈನೆ ಪದರದ ಬ್ಲಾಕ್. ಈ ಕೊನೆಯದನ್ನು ಫೊರೆರೊ ಮತ್ತು ಸಂಗಡಿಗರು 2016ರಲ್ಲಿ ಎದೆಭಾಗದ ಹಳೇ ನರನೋವಿಗೆಂದು ಮೊದಲು ವಿವರಿಸಿದರು. ಗುರಿ ನರವಲ್ಲ, ಗಟ್ಟಿ ಮೂಳೆ. ಹೊಸಬರು ಕಲಿಯಲು ಇದೇ ಸರಿಯಾದ ಜಾಗ ಎಂಬುದು ನಮ್ಮ ಅಭಿಪ್ರಾಯ, ಅದಕ್ಕೇ ಮುಂದೆ ಇದನ್ನೇ ವಿಸ್ತಾರವಾಗಿ ಬರೆದಿದ್ದೇವೆ.

ಕೋಣೆ ಮತ್ತು ಯಂತ್ರ

ಯಂತ್ರದ ಕಾನೂನು ಮೊದಲು. ಅಲ್ಟ್ರಾಸೌಂಡ್ ಯಂತ್ರ ಯಾವ ಕೆಲಸಕ್ಕೇ ಇರಲಿ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಆಗಲೇಬೇಕು. ಬರೀ ಹೆಗಲು ನೋಡುತ್ತೇವೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಗೋಡೆಯ ಮೇಲಿರಬೇಕು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ ಬಂದಿದೆಯೆಂದು ಚೀಲದಲ್ಲಿಟ್ಟುಕೊಂಡು ಹಳ್ಳಿಯ ಶಿಬಿರಗಳಿಗೆ ಹೊತ್ತೊಯ್ಯುವಂತಿಲ್ಲ.

ಪ್ರೋಬ್, ಅಂದರೆ ಮೈಮೇಲೆ ಇಟ್ಟು ನೋಡುವ ಹಿಡಿ, ಲೀನಿಯರ್ (ನೇರ ಮುಖದ್ದು) ಇರಲಿ, 6ರಿಂದ 13 ಮೆಗಾಹರ್ಟ್ಸ್. ದಪ್ಪ ಮೈಯವರ ಬೆನ್ನಿಗೆ ಮಾತ್ರ ಬಾಗಿದ ಪ್ರೋಬ್ ಬೇಕಾದೀತು. ಆಳ 4 ಸೆಂ.ಮೀ.ನಿಂದ ಶುರು ಮಾಡಿ. ಪರದೆ ರೋಗಿಯ ಆಚೆ ಬದಿಯಲ್ಲಿ, ನಿಮ್ಮ ಕಣ್ಣಿನ ನೇರಕ್ಕೆ ಇರಬೇಕು: ಕಣ್ಣು, ಕೈ, ಸೂಜಿ, ಪರದೆ ನಾಲ್ಕೂ ಒಂದೇ ಗೆರೆಯಲ್ಲಿ. ಪರದೆ ಪಕ್ಕಕ್ಕಿದ್ದು ನೀವು ಕತ್ತು ತಿರುಗಿಸಿ ನೋಡುತ್ತಿದ್ದರೆ ಗೊತ್ತಿಲ್ಲದಂತೆ ಪ್ರೋಬ್ ಕೂಡ ತಿರುಗುತ್ತದೆ. ಸೂಜಿ ಕಾಣದೇ ಹೋಗಲು ಎಷ್ಟೋ ಸಲ ಇದೇ ಕಾರಣ.

ರೋಗಿಯ ಇನ್ನೊಂದು ಕೈಯಲ್ಲಿ 20 ಗೇಜ್ ಕ್ಯಾನುಲಾ, ಬೆರಳಿಗೆ ಆಕ್ಸಿಮೀಟರ್, ಬಿಪಿ ಪಟ್ಟಿ, ಇಸಿಜಿ. ಆಕ್ಸಿಜನ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಫಿಟ್ಸ್ ನಿಲ್ಲಿಸುವ ಮಿಡಜೋಲಮ್, ಮರಗಟ್ಟಿಸುವ ಔಷಧಿ ರಕ್ತಕ್ಕೆ ಸೇರಿದರೆ ಕೊಡುವ 20% ಲಿಪಿಡ್ ಎಮಲ್ಷನ್ ಇವೆಲ್ಲ ಅದೇ ಕೋಣೆಯಲ್ಲಿರಬೇಕು. ಲಿಪಿಡ್ ಬಾಟಲಿ ಕೆಳಗಿನ ಮೆಡಿಕಲ್ಸ್‌ನಲ್ಲಿದೆ ಅಂದರೆ ನಮ್ಮಲ್ಲಿಲ್ಲ ಎಂದೇ ಲೆಕ್ಕ.

ಔಷಧಿಯ ಲೆಕ್ಕ, ಒಂದು ಉದಾಹರಣೆಯೊಂದಿಗೆ

ಶೇಕಡಾ ಲೆಕ್ಕ ಸುಲಭ: 1% ಅಂದರೆ 1 ಮಿ.ಲೀ.ನಲ್ಲಿ 10 ಮಿ.ಗ್ರಾಂ. ಮರಗಟ್ಟಿಸುವ ಔಷಧಿಗಳ ಮಿತಿಗಳು: ಅಡ್ರಿನಲಿನ್ ಇಲ್ಲದ ಲಿಗ್ನೊಕೇನ್ ತೂಕದ ಪ್ರತಿ ಕೆ.ಜಿ.ಗೆ 4.5 ಮಿ.ಗ್ರಾಂ, ಬುಪಿವಕೇನ್ 2 ಮಿ.ಗ್ರಾಂ, ರೋಪಿವಕೇನ್ 3 ಮಿ.ಗ್ರಾಂ.

ಈಗ 45 ಕೆ.ಜಿ. ತೂಕದ, ಗದ್ದೆ ಕೆಲಸದ ಹೆಣ್ಣುಮಗಳೊಬ್ಬರಿಗೆ ಬೆನ್ನಿನ ಎರಡೂ ಬದಿ ಬ್ಲಾಕ್ ಬೇಕಾಗಿದೆ ಎಂದುಕೊಳ್ಳಿ. ಬುಪಿವಕೇನ್ ಮಿತಿ 90 ಮಿ.ಗ್ರಾಂ. ರೂಢಿಯಂತೆ 0.25% ಔಷಧಿ ಒಂದೊಂದು ಬದಿಗೆ 20 ಮಿ.ಲೀ. ಕೊಟ್ಟರೆ ಒಟ್ಟು 100 ಮಿ.ಗ್ರಾಂ, ಮಿತಿ ದಾಟಿತು. ರೂಢಿಯ ಅಳತೆ 60 ಕೆ.ಜಿ.ಯವರಿಗೆ ಸರಿ, ಇವರಿಗಲ್ಲ. ಪರಿಮಾಣ ಕಡಿಮೆ ಮಾಡಿದರೆ ಔಷಧಿ ಪದರದಲ್ಲಿ ಹರಡುವುದಿಲ್ಲ. ಹಾಗಾಗಿ ತೆಳುವಾಗಿಸಬೇಕು. 0.5% ಬುಪಿವಕೇನ್ 16 ಮಿ.ಲೀ.ಗೆ ಸಲೈನ್ 24 ಮಿ.ಲೀ. ಬೆರೆಸಿದರೆ 40 ಮಿ.ಲೀ.ನಲ್ಲಿ 80 ಮಿ.ಗ್ರಾಂ. ಚರ್ಮ ಮರಗಟ್ಟಿಸಲು 1% ಲಿಗ್ನೊಕೇನ್ 2 ಮಿ.ಲೀ., ಅಂದರೆ ಇನ್ನೊಂದು 20 ಮಿ.ಗ್ರಾಂ. ಒಂದೊಂದೂ ತನ್ನ ಮಿತಿಯೊಳಗೇ ಇದೆ ಎಂದು ನೆಮ್ಮದಿಯಾಗಿರುವ ಹಾಗಿಲ್ಲ, ಎರಡರ ವಿಷವೂ ಒಟ್ಟುಗೂಡುತ್ತದೆ. ಬುಪಿವಕೇನ್ ತನ್ನ ಮಿತಿಯ 89%, ಲಿಗ್ನೊಕೇನ್ ತನ್ನ ಮಿತಿಯ 10%. ಅಲ್ಲಿಗೆ ಪಾತ್ರೆ ತುಂಬಿತು. ಇನ್ನು "ಇಲ್ಲೊಂದು ಗಂಟು ಉಳಿದಿದೆ" ಎಂದು ಮತ್ತೆ 5 ಮಿ.ಲೀ. ಚುಚ್ಚುವಂತಿಲ್ಲ. ಇಂಥವರಿಗೆ ಒಂದು ವಾರ ಒಂದು ಬದಿ, ಮುಂದಿನ ವಾರ ಇನ್ನೊಂದು ಬದಿ ಮಾಡುವುದೇ ಮೇಲು.

ಔಷಧಿ ಎಳೆದುಕೊಳ್ಳುವವರು ಲೇಬಲ್ಲನ್ನು ಗಟ್ಟಿಯಾಗಿ ಓದಬೇಕು. ಬುಪಿವಕೇನ್ ಹೆವಿ ಎಂಬ 4 ಮಿ.ಲೀ. ಆಂಪ್ಯೂಲ್ ಬೆನ್ನುಹುರಿ ಅರಿವಳಿಕೆಗೆ ಮೀಸಲು, ಅದರಲ್ಲಿ ಡೆಕ್ಸ್‌ಟ್ರೋಸ್ ಬೆರೆತಿರುತ್ತದೆ. ಅದನ್ನು ಈ ಟ್ರೇ ಹತ್ತಿರವೂ ತರಬೇಡಿ.

ಸ್ಟೀರಾಯ್ಡ್ ಬೇಕೇ? ಬರೀ ಸ್ನಾಯುವಿನ ನೋವಿಗೆ ಬೇಡ ಎನ್ನುತ್ತೇವೆ. ಮರಗಟ್ಟಿಸುವ ಔಷಧಿಯೊಂದೇ ಸಾಕು. ಸ್ಟೀರಾಯ್ಡಿನಿಂದ ಸಕ್ಕರೆ ಹಲವು ದಿನ ಏರಿರುತ್ತದೆ, ಚುಚ್ಚಿದ ಜಾಗದ ಚರ್ಮ ಬಿಳಿಚಿಕೊಂಡು ಕುಳಿ ಬೀಳಬಹುದು. ಹೆಗಲಿನ ಕೀಲು ಸೆಡೆತುಕೊಂಡವರ ವಿಚಾರ ಬೇರೆ, ಅಲ್ಲಿ ಲೆಕ್ಕ ಹಾಕಿ ಕೊಡಬಹುದು.

ಎರೆಕ್ಟರ್ ಸ್ಪೈನೆ ಬ್ಲಾಕ್, ಹೆಜ್ಜೆ ಹೆಜ್ಜೆಯಾಗಿ

ರೋಗಿಯನ್ನು ಬೋರಲು ಮಲಗಿಸಿ, ಎದೆ ಕೆಳಗೊಂದು ದಿಂಬು. ಕೂರಿಸಿಯೂ ಮಾಡಬಹುದು. ಆದರೆ ಸೂಜಿ ಕಂಡು ಕಣ್ಣು ಕತ್ತಲೆ ಬಂದು ಬೀಳುವವರು ಬಹಳ. ಸಕ್ಕರೆ ಕಾಯಿಲೆಯವರನ್ನು ಬೆಳಗಿನಿಂದ ಉಪವಾಸ ಇಡಬೇಡಿ. ನಿದ್ದೆಯ ಔಷಧಿ ಕೊಡುವುದಿಲ್ಲವಾದರೆ ಎರಡು ಇಡ್ಲಿ ತಿಂದು ಬಂದರೆ ತೊಂದರೆಯಿಲ್ಲ. ಎಚ್ಚರವಿರುವ ರೋಗಿ "ಬಾಯಿ ಒಂಥರಾ ಆಗ್ತಿದೆ" ಎಂದು ಹೇಳಬಲ್ಲರು, ಆ ಮಾತು ಯಾವ ಮಾನಿಟರಿಗಿಂತಲೂ ಮೊದಲು ಸಿಗುವ ಎಚ್ಚರಿಕೆ.

ಮಟ್ಟ ಗುರುತಿಸಿ. ಹೆಗಲಮೂಳೆಯ ಕೆಳತುದಿ ಸುಮಾರಾಗಿ 7ನೇ ಎದೆ ಕಶೇರುವಿನ (ಎದೆಭಾಗದ ಬೆನ್ನುಮೂಳೆಯ ಮಣಿ) ನೇರಕ್ಕೆ ಬರುತ್ತದೆ. ಅಲ್ಲಿಂದ ಎರಡು ಮೇಲೆ 5ನೆಯದು. ಪೆನ್ನಿನಲ್ಲಿ ಗುರುತು ಹಾಕಿ, ಎಡವೋ ಬಲವೋ ಎಂದು ರೋಗಿಯ ಬಾಯಿಂದಲೇ ಇನ್ನೊಮ್ಮೆ ಹೇಳಿಸಿ.

ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಒಣಗಲು ಬಿಡಿ. ಒದ್ದೆಯಿರುವಾಗಲೇ ಚುಚ್ಚಿದರೆ ಹಚ್ಚಿದ್ದೂ ವ್ಯರ್ಥ. ಪ್ರೋಬಿಗೆ ಸ್ಟೆರೈಲ್ ಕವರ್ ಹಾಕಿ. ಕವರ್ ಇಲ್ಲದಿದ್ದರೆ ಸ್ಟೆರೈಲ್ ಗ್ಲೌಸ್ ಹಾಕಬಹುದು, ಸುಕ್ಕು, ಗಾಳಿ ಉಳಿಯಬಾರದು. ದಿನವಿಡೀ ಹತ್ತು ಜನಕ್ಕೆ ಬಳಸಿದ ಜೆಲ್ ಬಾಟಲಿಯನ್ನು ಇಲ್ಲಿ ಮುಟ್ಟಬೇಡಿ.

ಪ್ರೋಬನ್ನು ಬೆನ್ನಿನ ನಡುಗೆರೆಯಿಂದ 3 ಸೆಂ.ಮೀ. ಪಕ್ಕಕ್ಕೆ, ಉದ್ದುದ್ದವಾಗಿ ಇಡಿ. ಕಾಣಬೇಕಾದದ್ದು ಟ್ರಾನ್ಸ್‌ವರ್ಸ್ ಪ್ರೊಸೆಸ್, ಕಶೇರುವಿನಿಂದ ಪಕ್ಕಕ್ಕೆ ಚಾಚಿದ ಮೂಳೆ. ಪರದೆಯಲ್ಲಿ ಅದು ಚಪ್ಪಟೆ ತಲೆಯ ಬಿಳಿ ಗೆರೆ, ಕೆಳಗೆ ಅಗಲವಾದ ಕಪ್ಪು ನೆರಳು. ತಲೆ ದುಂಡಗಿದ್ದು, ಎರಡು ದುಂಡುಗಳ ನಡುವೆ ಉಸಿರಿನೊಂದಿಗೆ ಜಾರಾಡುವ ಹೊಳೆಯುವ ಗೆರೆ ಎದ್ದು ಕಂಡರೆ ನೀವು ಪಕ್ಕೆಲುಬಿನ ಮೇಲಿದ್ದೀರಿ. ಆ ಜಾರುವ ಗೆರೆ ಪ್ಲೂರಾ, ಶ್ವಾಸಕೋಶದ ಪೊರೆ. ಪ್ರೋಬನ್ನು ನಿಧಾನವಾಗಿ ನಡುಗೆರೆಯ ಕಡೆಗೆ ಸರಿಸಿ. ದುಂಡು ಚಪ್ಪಟೆಯಾಗುವ ಆ ಕ್ಷಣವನ್ನು ಐದಾರು ಸಲ ಹಿಂದೆ ಮುಂದೆ ಸರಿಸಿ ನೋಡಿ ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಇಡೀ ಬ್ಲಾಕಿನ ಸುರಕ್ಷತೆ ನಿಂತಿರುವುದು ಇದೊಂದು ವ್ಯತ್ಯಾಸದ ಮೇಲೆ.

ಮೂಳೆಯ ಮೇಲೆ ಮೂರು ಪದರ: ಮೇಲೆ ಟ್ರಪೀಜಿಯಸ್, ನಡುವೆ ರಾಂಬಾಯ್ಡ್, ಮೂಳೆಗಂಟಿ ಎರೆಕ್ಟರ್ ಸ್ಪೈನೆ. 5ನೆಯದಕ್ಕಿಂತ ಕೆಳಗಿಳಿದರೆ ರಾಂಬಾಯ್ಡ್ ಮರೆಯಾಗಿ ಎರಡೇ ಉಳಿಯುತ್ತವೆ.

ಚರ್ಮ ಮರಗಟ್ಟಿಸಿ, 22 ಗೇಜ್ ಸೂಜಿಯನ್ನು ತಲೆಯ ಕಡೆಯಿಂದ ಕಾಲಿನ ಕಡೆಗೆ, ಪ್ರೋಬಿನ ಉದ್ದಕ್ಕೇ, 30ರಿಂದ 45 ಡಿಗ್ರಿ ಓರೆಯಲ್ಲಿ ಇಳಿಸಿ. ಸಿರಿಂಜ್, ಎಕ್ಸ್‌ಟೆನ್ಷನ್ ಟ್ಯೂಬಿನಲ್ಲಿ ಒಂದು ಗುಳ್ಳೆಯೂ ಇರಬಾರದು, ಗಾಳಿ ಒಳಹೋದರೆ ಪರದೆಯಲ್ಲಿ ಬಿಳಿ ಮಬ್ಬು ಕವಿದು ಮುಂದಿನದೇನೂ ಕಾಣುವುದಿಲ್ಲ. ಸೂಜಿಯ ತುದಿ ಕಣ್ಮರೆಯಾದರೆ ಸೂಜಿ ಹಿಡಿದ ಕೈ ನಿಲ್ಲಬೇಕು, ಪ್ರೋಬ್ ಹಿಡಿದ ಕೈ ಹುಡುಕಬೇಕು. ಎರಡೂ ಕೈ ಒಟ್ಟಿಗೆ ಆಡಿದರೆ ಎಂದಿಗೂ ಸಿಗುವುದಿಲ್ಲ. ತುದಿ ಕಾಣದೆ ಒಂದು ಮಿಲಿಮೀಟರ್ ಕೂಡ ಮುಂದಕ್ಕೆ ತಳ್ಳಬೇಡಿ. ಸೂಜಿಯ ನಡುಭಾಗ ಕಂಡು ಅದನ್ನೇ ತುದಿ ಎಂದುಕೊಳ್ಳುವುದು ಹೊಸಬರ ದೊಡ್ಡ ಮೋಸಹೋಗುವಿಕೆ. ನಿಜವಾದ ತುದಿ ಅಷ್ಟರಲ್ಲಿ ಒಂದು ಸೆಂ.ಮೀ. ಆಳದಲ್ಲಿರುತ್ತದೆ.

ತುದಿ ಮೂಳೆಗೆ ತಟ್ಟಿತು ಅಂದಾಗ ಕೈಗೆ ಗಟ್ಟಿ ತಗಲುತ್ತದೆ. ಸಿರಿಂಜ್ ಎಳೆದು ನೋಡಿ, ರಕ್ತ ಬರದಿದ್ದರೆ 1ರಿಂದ 2 ಮಿ.ಲೀ. ಸಲೈನ್ ಬಿಡಿ. ಸರಿಯಾದ ಪದರವಾದರೆ ಇಡೀ ಸ್ನಾಯು ಮೂಳೆಯಿಂದ ಬಿಡಿಸಿಕೊಂಡು, ಹಾಸಿದ ಬಟ್ಟೆಯ ಕೆಳಗೆ ನೀರು ಹರಿದಂತೆ ಮೇಲೆದ್ದು, ಕೆಳಗೆ ಕಪ್ಪು ಪಟ್ಟಿ ಉದ್ದಕ್ಕೆ ಹರಡುತ್ತದೆ. ಹಾಗಾಗದೆ ಸ್ನಾಯುವಿನೊಳಗೇ ದುಂಡಗೆ ಉಬ್ಬಿದರೆ ಸ್ವಲ್ಪ ಮೇಲಿದ್ದೀರಿ ಎಂದರ್ಥ, ಇನ್ನೊಮ್ಮೆ ಮೂಳೆ ಮುಟ್ಟಿಸಿ. ಬಿಡುತ್ತಿದ್ದೀರಿ, ಆದರೆ ಪರದೆಯಲ್ಲಿ ಏನೂ ಬದಲಾಗುತ್ತಿಲ್ಲ ಅಂದರೆ ತಕ್ಷಣ ನಿಲ್ಲಿಸಿ: ತುದಿ ರಕ್ತನಾಳದಲ್ಲಿರಬಹುದು. ಎಲ್ಲ ಸರಿಯಿದ್ದರೆ ಔಷಧಿಯನ್ನು 3ರಿಂದ 5 ಮಿ.ಲೀ.ಗೊಮ್ಮೆ ಎಳೆದು ನೋಡುತ್ತಾ, ರೋಗಿಯನ್ನು ಮಾತಾಡಿಸುತ್ತಾ, 15ರಿಂದ 20 ಮಿ.ಲೀ. ನಿಧಾನವಾಗಿ ಬಿಡಿ.

ಈ ಬ್ಲಾಕಿನಲ್ಲಿ ಚರ್ಮ ಸ್ಪಷ್ಟವಾಗಿ ಮರಗಟ್ಟದೆಯೂ ನೋವು ಇಳಿಯಬಹುದು. ಐಸ್ ಇಟ್ಟಾಗ ತಣ್ಣಗಾಯಿತು ಎಂದರು, ಆದ್ದರಿಂದ ಬ್ಲಾಕ್ ಫಲಿಸಿಲ್ಲ ಎಂಬ ತೀರ್ಮಾನ ಬೇಡ. ಬಗ್ಗಿಸಿ, ತಿರುಗಿಸಿ ನೋಡಿ.

ಹೆಗಲಿನ ಎರಡು ಬ್ಲಾಕ್‌ಗಳು

ಟ್ರಪೀಜಿಯಸ್ ಕೆಳಪದರಕ್ಕೆ ಕತ್ತಿನ ಉಬ್ಬುಮೂಳೆ ಮತ್ತು ಹೆಗಲ ತುದಿಯ ನಡುವೆ ಪ್ರೋಬ್ ಇಟ್ಟು, ಟ್ರಪೀಜಿಯಸ್ ಮತ್ತು ಅದರ ಕೆಳಗಿನ ಸ್ನಾಯುವಿನ ನಡುವಿನ ಬಿಳಿ ಗೆರೆಯನ್ನು 5ರಿಂದ 10 ಮಿ.ಲೀ.ನಿಂದ ಬಿಡಿಸಬೇಕು. ಇಲ್ಲಿ ಕೆಳಗೆ ಕಾಯಲು ಮೂಳೆಯಿಲ್ಲ, ಶ್ವಾಸಕೋಶದ ತುದಿಯೇ ಹತ್ತಿರದಲ್ಲಿದೆ. ತೆಳ್ಳನೆ ಮೈಯವರಲ್ಲಿ ಪ್ಲೂರಾವನ್ನು ಪರದೆಯಲ್ಲಿ ಮೊದಲು ಗುರುತಿಸಿಟ್ಟುಕೊಂಡೇ ಸೂಜಿ ಇಳಿಸಿ. ಕೆಲವು ಗಂಟೆ ಹೆಗಲು ಕುಣಿಸಲು ಬಲ ಸಾಲದಿರಬಹುದು, ಮೊದಲೇ ಹೇಳಿರಿ.

ಸುಪ್ರಾಸ್ಕ್ಯಾಪುಲರ್ ನರಕ್ಕೆ ಹೆಗಲಮೂಳೆಯ ಏಣಿನ ಮೇಲ್ಬದಿಯ ಕುಳಿಯಲ್ಲಿ ಪ್ರೋಬ್ ಇಡಬೇಕು. ಸುಪ್ರಾಸ್ಪೈನೇಟಸ್ ಸ್ನಾಯುವಿನ ಕೆಳಗೆ, ಕುಳಿಯ ತಳದಲ್ಲಿ ನರ ಮತ್ತು ರಕ್ತನಾಳ ಜೊತೆಯಾಗಿ ಹೋಗುತ್ತವೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ನಾಳವನ್ನು ಗುರುತಿಸಿ, 5 ಮಿ.ಲೀ. ಸಾಕು.

ಕೆಟ್ಟಾಗ

ಬಾಯಿ ಸುತ್ತ ಜುಮ್ಮೆನ್ನುವುದು, ನಾಲಗೆಗೆ ಕಬ್ಬಿಣದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು, ಸುಮ್ಮಸುಮ್ಮನೆ ಗಾಬರಿ ಅಥವಾ ತೊದಲು. ಇಷ್ಟರಲ್ಲಿ ಯಾವುದು ಬಂದರೂ ಔಷಧಿ ರಕ್ತಕ್ಕೆ ಸೇರಿದೆ. ಚುಚ್ಚುವುದು ನಿಲ್ಲಿಸಿ, ಆಕ್ಸಿಜನ್ ಕೊಡಿ, ಸಹಾಯಕ್ಕೆ ಕೂಗಿ. ಫಿಟ್ಸ್ ಬಂದರೆ ಮಿಡಜೋಲಮ್. ಲಿಪಿಡ್ ಎಮಲ್ಷನ್ ಕೆ.ಜಿ.ಗೆ 1.5 ಮಿ.ಲೀ.ನಂತೆ 2ರಿಂದ 3 ನಿಮಿಷದಲ್ಲಿ, ನಮ್ಮ 45 ಕೆ.ಜಿ.ಯವರಿಗೆ ಸುಮಾರು 70 ಮಿ.ಲೀ., ಆಮೇಲೆ ನಿಮಿಷಕ್ಕೆ ಕೆ.ಜಿ.ಗೆ 0.25 ಮಿ.ಲೀ., ಅಂದರೆ 11 ಮಿ.ಲೀ. ಆಸುಪಾಸು. ಬಿಳಿಯಾಗಿದೆ ಎಂದು ನಿದ್ದೆಯ ಔಷಧಿ ಪ್ರೊಪೊಫಾಲ್ ಕೊಡಬೇಡಿ, ಅದು ಇದಕ್ಕೆ ಬದಲಿಯಲ್ಲ. ಈ ಅಂಕಿಗಳನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಆ ಹೊತ್ತಿನಲ್ಲಿ ಯಾರಿಗೂ ಗುಣಾಕಾರ ಹೊಳೆಯುವುದಿಲ್ಲ.

ಪ್ಲೂರಾಕ್ಕೆ ಸೂಜಿ ತಗಲಿದರೆ ಆಗಲೇ ಕೆಮ್ಮು, ಚುಚ್ಚುನೋವು ಬರಬಹುದು, ಬರದೆಯೂ ಇರಬಹುದು. ಕೆಲವು ಗಂಟೆ ಕಳೆದ ಮೇಲೆ ಉಸಿರುಗಟ್ಟುವುದುಂಟು. ಅಷ್ಟರಲ್ಲಿ ರೋಗಿ ಬಸ್ಸು ಹತ್ತಿ ಊರು ಸೇರಿರುತ್ತಾರೆ. ಅದಕ್ಕೇ ಮನೆಗೆ ಕಳಿಸುವಾಗ ಜೊತೆಗೆ ಬಂದವರಿಗೂ ಹೇಳಿ: ಉಸಿರು ಸಿಕ್ಕಿಹಾಕಿಕೊಂಡರೆ ನಮ್ಮಲ್ಲಿಗೇ ಬರಬೇಕೆಂದು ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ "ಬೆನ್ನಿಗೆ ಸೂಜಿ ಹಾಕಿಸ್ಕೊಂಡಿದ್ವಿ, ಎಕ್ಸ್‌ರೇ ತೆಗೀರಿ" ಅನ್ನಿ.

ಬಿಡುವಿನ ಹೊತ್ತು

ಅರ್ಧ ಗಂಟೆ ಕಣ್ಣೆದುರೇ ಇರಿಸಿಕೊಳ್ಳಿ. ಆಮೇಲೆ ನೋವನ್ನು 0ಯಿಂದ 10ರವರೆಗೆ ಗಂಟೆಗೊಮ್ಮೆ ಎಂಟು ಗಂಟೆ ಕಾಲ ಬರೆಯಲು ಒಂದು ಚೀಟಿ ಕೊಡಿ, ಓದು ಬಾರದವರಿಗೆ ಮಗನೋ ಮೊಮ್ಮಗಳೋ ಬರೆಯುತ್ತಾರೆ. ಈ ಚೀಟಿ ನಮಗೆ ದೊಡ್ಡ ಸಾಕ್ಷಿ. ನೋವು 7ರಿಂದ 2ಕ್ಕೆ ಇಳಿದು ಸಂಜೆಗೆ ಮತ್ತೆ ಏರಿದ್ದರೆ ಜಾಗ ಸರಿಯಾಗಿದೆ, ವ್ಯಾಯಾಮ ಸಾಲದು. ಹೆಗಲು ಪೂರ್ತಿ ಮರಗಟ್ಟಿಯೂ ನೋವು 7ರಲ್ಲೇ ನಿಂತಿದ್ದರೆ ನೋವಿನ ಮೂಲ ಅಲ್ಲಿಲ್ಲ. ಅದೇ ಬ್ಲಾಕನ್ನು ಇನ್ನೊಮ್ಮೆ ಮಾಡಬೇಡಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿ.

ಆ ದಿನ ಗಾಡಿ ಓಡಿಸುವುದು, ಹೊರೆ ಎತ್ತುವುದು ಬೇಡ. ಶಾಖವಂತೂ ಬೇಡವೇ ಬೇಡ. ಹರಳೆಣ್ಣೆ ಸವರಿ ಉಪ್ಪಿನ ಗಂಟು ಕಾಯಿಸಿ ಇಡುವುದು ನಮ್ಮ ಮನೆಗಳ ವಾಡಿಕೆ, ಆದರೆ ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ, ಬೆಳಿಗ್ಗೆ ನೋಡಿದರೆ ಬೊಬ್ಬೆ ಎದ್ದಿರುತ್ತದೆ. ಮರುದಿನದಿಂದ ಶಾಖ ಕೊಡಬಹುದು.

ವ್ಯಾಯಾಮ ಮಾತ್ರ ಅದೇ ದಿನ ಶುರುವಾಗಬೇಕು. ಕತ್ತನ್ನು ನೋವಿಲ್ಲದ ಬದಿಗೆ ಬಾಗಿಸಿ 30 ಸೆಕೆಂಡ್ ಹಿಡಿಯುವುದು, ಮೂರು ಸಲ. ಎರಡೂ ಹೆಗಲಮೂಳೆ ಬೆನ್ನ ಹಿಂದೆ ಒಂದಕ್ಕೊಂದು ತಾಗುವಂತೆ ಸೆಳೆದು 5 ಎಣಿಸುವುದು, ಹತ್ತು ಸಲ. ಗದ್ದ ಒಳಕ್ಕೆಳೆದು ಕತ್ತು ನೆಟ್ಟಗೆ ಮಾಡುವುದು, ಹತ್ತು ಸಲ. ದಿನಕ್ಕೆ ಮೂರು ಹೊತ್ತು, ಆರು ವಾರ. ಊಟದ ಹೊತ್ತಿಗೆ ಜೋಡಿಸಿಕೊಂಡರೆ ಮರೆಯುವುದಿಲ್ಲ. ಜೊತೆಗೆ ಕೆಲಸದ ರೀತಿಯೂ ಬದಲಾಗಬೇಕು: ಗಂಧದಕಡ್ಡಿ ಹೊಸೆಯುವ ಮಣೆಯ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿದರೆ ಕತ್ತು ಬಾಗುವುದು ಎಷ್ಟೋ ಕಡಿಮೆಯಾಗುತ್ತದೆ. ಹೊರೆ ಒಂದೇ ಹೆಗಲಿಗೆ ಬೀಳದಂತೆ ಬದಲಾಯಿಸುತ್ತಿರಬೇಕು.

ಒಂದೆರಡು ವಾರ ಬಿಟ್ಟು ಮತ್ತೆ ಮಾಡಬಹುದು. ಎರಡನೆಯದರಲ್ಲೂ ನೋವು ಅರ್ಧಕ್ಕೆ ಇಳಿಯದಿದ್ದರೆ ಮೂರನೆಯದಕ್ಕೆ ನಾವು ಒಪ್ಪುವುದಿಲ್ಲ. ಕಳಿಸುವಾಗ ಕೈಗೊಂದು ಕನ್ನಡದ ಚೀಟಿ ಕೊಡಿ: ಯಾವ ಬದಿ, ಯಾವ ಮಟ್ಟ, ಯಾವ ಔಷಧಿ, ಎಷ್ಟು ಮಿ.ಗ್ರಾಂ, ಸ್ಟೀರಾಯ್ಡ್ ಇತ್ತೋ ಇಲ್ಲವೋ, ಎಷ್ಟು ಗಂಟೆ ಆರಾಮಿತ್ತು. ಮುಂದೆ ಬೇರೊಂದು ಊರಿನ ವೈದ್ಯರೆದುರು ಕೂತಾಗ "ಯಾವ್ದೋ ಇಂಜೆಕ್ಷನ್ ಕೊಟ್ರು" ಅನ್ನುವ ಬದಲು ಆ ಚೀಟಿಯನ್ನು ಮುಂದಿಡಬಹುದು.